‘ಸಂಸ್ಕಾರ’ ಲೇಖನದ ರಿಪೇರಿ: ಐದು ಸುತ್ತಿನ ಕೆಲಸದ ಟಿಪ್ಪಣಿ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಗೆ ವಿಕಿಪೀಡಿಯದ ಪ್ರಯೋಗಪುಟದಲ್ಲಿ ಹೊಸ ಕರಡು ಕಟ್ಟುತ್ತಿದ್ದೇವೆ. ಐದನೇ ಸುತ್ತು ಮುಗಿದಾಗಿನ ಸ್ಥಿತಿ ಇಲ್ಲಿದೆ. ಮೊದಲ ಕರಡಿನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಒಂದೇ ಬೇರಿನವು: 1965ರ ಕಾದಂಬರಿ, 1970ರ ಸಿನಿಮಾ, 1976ರ ಇಂಗ್ಲಿಷ್ ಅನುವಾದ ಮೂರೂ ಕಲಸುಮೇಲೋಗರವಾಗಿದ್ದವು.

ಸುತ್ತು 1: ವಿಂಗಡಣೆ

ಕರಡನ್ನು ಮುದ್ರಿಸಿ ಪ್ರತಿ ವಾಕ್ಯದ ಪಕ್ಕ ಕಾ, ಸಿ, ಅ ಎಂದು ಗುರುತು ಹಾಕಿದ್ದಾಯಿತು. ಕನ್ನಡ ಪಠ್ಯದಲ್ಲೇ ಬೆರಳಿಟ್ಟು ತೋರಿಸಬಹುದಾದದ್ದು ಕಾ, ಸಿನಿಮಾದ್ದು ಸಿ, ಅನುವಾದದ್ದು ಅ. ಯಾವ ಗುರುತೂ ಬೀಳದ ವಾಕ್ಯ ಚರ್ಚೆಪುಟಕ್ಕೆ. ಆಧಾರ ಸಿಕ್ಕ ದಿನ ವಾಪಸು. ಸುಮ್ಮನೆ ಅಳಿಸುವುದಕ್ಕಿಂತ ಇದು ವಾಸಿ. ನಾಳೆ ಇನ್ನೊಬ್ಬರು ಅದೇ ಮಾತನ್ನು ಮತ್ತೆ ಸೇರಿಸಲು ಬಂದರೆ, ಹಿಂದೆ ಯಾಕೆ ತೆಗೆದದ್ದು ಎಂಬುದು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಸಿ ಗುರುತೇ ಹೆಚ್ಚು ಬಿತ್ತು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ಟಾಮ್ ಕೋವನ್ ಅವರ ಛಾಯಾಗ್ರಹಣ, ರಾಜೀವ ತಾರಾನಾಥರ ಸಂಗೀತ, ಮದರಾಸಿನ ಸೆನ್ಸಾರ್ ಮಂಡಳಿ ಒಡ್ಡಿದ ತಡೆ: ಇವೆಲ್ಲ ಸಿನಿಮಾದ ಪುಟದ ಸಾಮಾನು. ಕಾದಂಬರಿಯ ಪುಟದಲ್ಲಿ ‘ರೂಪಾಂತರ’ ಎಂಬ ಸಣ್ಣ ವಿಭಾಗ, ಮೂರು ವಾಕ್ಯ, ಒಂದು ಕೊಂಡಿ ಇದ್ದರೆ ಸಾಕು.

ಪ್ರಶಸ್ತಿಗಳ ಸಾಲು ಎಲ್ಲಕ್ಕಿಂತ ಅಪಾಯಕಾರಿ. ‘ಸಂಸ್ಕಾರಕ್ಕೆ 1970ರ ರಾಷ್ಟ್ರಪ್ರಶಸ್ತಿ ಬಂದಿದೆ’ ಎಂದಿತ್ತು. ಅತ್ಯುತ್ತಮ ಕಥಾಚಿತ್ರದ ಆ ಪ್ರಶಸ್ತಿ ಸಿನಿಮಾದ್ದು. ಹೆಸರು ಒಂದೇ ಆದ್ದರಿಂದ ಪುಸ್ತಕಕ್ಕೆ ಬಂದಂತೆ ಓದಿಸಿಕೊಳ್ಳುತ್ತದೆ. ಅದರ ಕೆಳಗೇ ‘ಈ ಕಾದಂಬರಿಗೆ ಜ್ಞಾನಪೀಠ’ ಎಂಬ ಸಾಲು. ಅನಂತಮೂರ್ತಿಯವರಿಗೆ ಜ್ಞಾನಪೀಠ ಸಂದದ್ದು 1994ರ ಸಾಲಿನಲ್ಲಿ, ಒಟ್ಟು ಸಾಹಿತ್ಯಕ್ಕೆ. 1982ರಿಂದೀಚೆಗೆ ಆ ಪ್ರಶಸ್ತಿಯನ್ನು ಒಂದು ಕೃತಿಗೆಂದು ಕೊಡುವ ಕ್ರಮವೇ ಇಲ್ಲ. ಆ ವರ್ಷವನ್ನು ನೆನಪಿಟ್ಟುಕೊಂಡರೆ ಇತರ ಕನ್ನಡ ಕಾದಂಬರಿಗಳ ಪುಟಗಳಲ್ಲೂ ಇದೇ ತಪ್ಪನ್ನು ಹಿಡಿಯಬಹುದು.

ಇನ್ನೊಂದು: ‘ಬರ್ಗ್‌ಮನ್ನರ ಸಿನಿಮಾ ಆಧಾರಿತ ಕಾದಂಬರಿ’. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನರ 1957ರ ‘ಸೆವೆಂತ್ ಸೀಲ್’ ನೋಡಿದ್ದು ಬರವಣಿಗೆಗೆ ಚಾಲನೆ ಕೊಟ್ಟಿತು ಎಂದು ಲೇಖಕರೇ ಹೇಳಿಕೊಂಡಿದ್ದಾರೆ. ಚಾಲನೆ ಬೇರೆ, ಆಧಾರ ಬೇರೆ. ವಾಕ್ಯವನ್ನು ‘ಲೇಖಕರು ಹೇಳಿಕೊಂಡಂತೆ’ ಎಂದು ಶುರುಮಾಡಿ, ‘ಆಧಾರಿತ’ ತೆಗೆದದ್ದಾಯಿತು.

ಸುತ್ತು 2: ಕಥಾಸಾರ

ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಾದಂಬರಿಯ ಕಥಾಸಾರಕ್ಕೆ 400ರಿಂದ 700 ಪದಗಳ ಅಳತೆ ಇದೆ. ಅದನ್ನೇ ಇಟ್ಟುಕೊಂಡೆವು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ಅಷ್ಟೇ ವಿಷಯ ಕಡಿಮೆ ಪದಗಳಲ್ಲಿ ಹಿಡಿಯುತ್ತದೆ, ಹಾಗಾಗಿ ನಮ್ಮ ಗುರಿ 500. 1,300 ಪದಗಳಿದ್ದದ್ದು ಈಗ 520.

ಎಲ್ಲಿ ಎಡವಿತ್ತು ಎಂದರೆ, ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿಯ ಕೆಲಸದಲ್ಲಿ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಯ ಮೇಲೆ ದೂರ್ವಾಸಪುರದ ಅಗ್ರಹಾರ ಊಟ ಬಿಟ್ಟು ಕೂತಿರುತ್ತದೆ. ಕರಡು ಆ ಪ್ರಶ್ನೆಯನ್ನು ಕೊನೆಯವರೆಗೂ ಎಳೆದು, ‘ಶವ ಹಾಗೆಯೇ ಉಳಿಯುತ್ತದೆ’ ಎಂದುಬಿಟ್ಟಿತ್ತು. ಪುಸ್ತಕದಲ್ಲಿ ಹಾಗಿಲ್ಲ. ಚಂದ್ರಿ ರಾತ್ರೋರಾತ್ರಿ ಅಹಮದ್ ಬ್ಯಾರಿಯ ಸಹಾಯದಿಂದ ಹೆಣ ಸುಡಿಸಿ ಕುಂದಾಪುರದ ಕಡೆ ಹೊರಟುಹೋಗುತ್ತಾಳೆ. ಬ್ರಾಹ್ಮಣರಿಗೆ ಇದು ಗೊತ್ತಿಲ್ಲ, ಅವರ ಪಂಡಿತ ಪ್ರಾಣೇಶಾಚಾರ್ಯರಿಗೂ ಗೊತ್ತಿಲ್ಲ. ಓದುಗರಿಗೆ ಮಾತ್ರ ಗೊತ್ತು. ಮುಂದೆ ಬರುವ ಅವರ ದಿಗಿಲಿಗೆಲ್ಲ ಬೇರೆ ಬಣ್ಣ ಬರುವುದೇ ಇದರಿಂದ. ಆದ್ದರಿಂದ ಸಾರದಲ್ಲೂ ಆ ಸಂಗತಿ ಆಚಾರ್ಯರೂ ಚಂದ್ರಿಯೂ ಕಾಡಿನಲ್ಲಿ ಭೇಟಿಯಾದ ನಂತರ, ಅದರ ಜಾಗದಲ್ಲೇ ಬರಬೇಕು. ಪ್ಲೇಗಿನ ವಿಷಯವೂ ಹಾಗೆಯೇ: ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ, ಜನ ಶಂಖ ಜಾಗಟೆ ಬಾರಿಸಿ ಓಡಿಸುತ್ತಾರೆ. ಮೊದಲ ವಾಕ್ಯದಲ್ಲೇ ‘ಪ್ಲೇಗ್ ಪೀಡಿತ ಅಗ್ರಹಾರ’ ಎಂದು ಬರೆದರೆ, ಅಲ್ಲಿನವರಿಗೇ ಗೊತ್ತಿಲ್ಲದ್ದನ್ನು ಅವರ ಬಾಯಲ್ಲಿ ಹೇಳಿಸಿದಂತೆ.

ಕಥಾಸಾರಕ್ಕೆ ಕಾದಂಬರಿಯೇ ಆಧಾರ, ಬೇರೆ ಉಲ್ಲೇಖ ಬೇಕಿಲ್ಲ. ಆದರೆ ‘ಆಚಾರ್ಯರ ಪತನ’ ಎಂದು ಬರೆದ ಕ್ಷಣ ಅದು ಕಥೆಯಲ್ಲ, ವ್ಯಾಖ್ಯಾನ. ಪತನವೋ ಬಿಡುಗಡೆಯೋ ಎಂಬುದು ವಿಮರ್ಶಕರ ಜಗಳ. ಅವರ ಹೆಸರಿನೊಂದಿಗೆ ‘ವಿಮರ್ಶೆ’ ವಿಭಾಗಕ್ಕೆ ಹೋಗಲಿ. ಕರಡಿನ ವಾಕ್ಯ: ‘ಕಾಮಕ್ಕೆ ಬಲಿಯಾದ ಆಚಾರ್ಯರು ಪಾಪಪ್ರಜ್ಞೆಯಿಂದ ಊರು ತೊರೆಯುತ್ತಾರೆ.’ ಈಗಿನದು: ‘ಪತ್ನಿ ಭಾಗೀರಥಿಯ ಮರಣಾನಂತರ ಆಚಾರ್ಯರು ಅಗ್ರಹಾರ ಬಿಟ್ಟು ನಡೆಯುತ್ತಾರೆ, ದಾರಿಯಲ್ಲಿ ಮಾಲೇರ ಪುಟ್ಟ ಜೊತೆಯಾಗುತ್ತಾನೆ.’ ರಸ ಕಡಿಮೆಯಾಯಿತು ಅನ್ನಿಸಬಹುದು. ವಿಶ್ವಕೋಶಕ್ಕೆ ಅಷ್ಟು ಸಪ್ಪೆ ಊಟವೇ ಹಿತ.

ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ಒಂದು ತೊಡಕಿದೆ. ಆಚಾರ್ಯರಿಗೆ ‘ಬಂದರು’, ಚಂದ್ರಿಗೆ ‘ಬಂದಳು’. ಇಂಗ್ಲಿಷಿನ ಪುಟದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕಾದಂಬರಿಯ ನಿರೂಪಣೆಯಲ್ಲಿ ಈ ಭೇದ ಇದೆ, ಅದಕ್ಕೆ ಅರ್ಥವೂ ಇದೆ. ಆದರೆ ತಟಸ್ಥವಾಗಿರಬೇಕಾದ ಪುಟವೂ ಅಗ್ರಹಾರದ ಮರ್ಯಾದೆಯ ಪಟ್ಟಿಯನ್ನೇ ಪಾಲಿಸಬೇಕೆ? ಮೂರು ದಾರಿ ನೋಡಿದೆವು. ಎಲ್ಲರಿಗೂ ಬಹುವಚನ ಹಾಕಿದರೆ ‘ಪುಟ್ಟ ಅವರು’ ನಗೆ ತರಿಸುತ್ತದೆ. ಎಲ್ಲರಿಗೂ ಏಕವಚನ ಹಾಕಿದರೆ ‘ಪ್ರಾಣೇಶಾಚಾರ್ಯ ಹೋದ’ ಎಂಬುದನ್ನು ಹತ್ತು ಜನ ಬಂದು ತಿದ್ದುತ್ತಾರೆ. ಕೊನೆಗೆ ಪುಸ್ತಕದ ರೂಢಿಯನ್ನೇ ಉಳಿಸಿ, ಹಾಗೆ ಉಳಿಸಿದ್ದೇಕೆ ಎಂದು ಚರ್ಚೆಪುಟದ ತಲೆಯಲ್ಲಿ ಎರಡು ಸಾಲು ಹಾಕಿದ್ದೇವೆ. ಪೂರ್ತಿ ಸಮಾಧಾನವಿಲ್ಲ.

ಸುತ್ತು 3: ಇಂಗ್ಲಿಷಿನಿಂದ ಮರಳಿ ಬಂದ ಹೆಸರುಗಳು

ಅನುವಾದದಿಂದ ಕನ್ನಡಕ್ಕೆ ವಾಪಸು ತಂದಾಗ ಹೆಸರುಗಳು ಸವೆಯುತ್ತವೆ. ‘ಅಹಮದ್ ಬಾರಿ’ ಎಂದಿತ್ತು. ಕರಾವಳಿಯ ಬ್ಯಾರಿ ಸಮುದಾಯದ ಗುರುತೇ ಆ ಒಂದು ಯಕಾರದಲ್ಲಿದೆ. ‘ನರನಪ್ಪ’, ‘ಮಲೇರ’ ಕೂಡ ಅದೇ ದಾರಿಯಲ್ಲಿ ಬಂದವು. ಪಾತ್ರಗಳ ಹೆಸರುಗಳನ್ನೆಲ್ಲ ಕನ್ನಡ ಮುದ್ರಣ ಎದುರಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿದ್ದಾಯಿತು, ಬೇರೆ ಉಪಾಯವಿಲ್ಲ.

ಎ. ಕೆ. ರಾಮಾನುಜನ್ ಅವರ ಅನುವಾದಕ್ಕೆ ಪ್ರತ್ಯೇಕ ವಿಭಾಗ ಕೊಡಬೇಕು. ಕಿಟ್ಟೆಲ್ಲರ 1894ರ ನಿಘಂಟಿನಿಂದ ‘ಸಂಸ್ಕಾರ’ ಪದದ ಅರ್ಥಗಳನ್ನೆತ್ತಿ ಅವರು ಅನುವಾದದ ಆರಂಭದಲ್ಲಿಟ್ಟರು, ಕೊನೆಯಲ್ಲಿ ಹಿನ್ನುಡಿ ಬರೆದರು. ಇವೆರಡೂ ಕನ್ನಡ ಪುಸ್ತಕದ ಭಾಗವಲ್ಲ. ಕರಡಿನಲ್ಲಿ ನಿಘಂಟಿನ ಉದ್ಧರಣೆ ಲೇಖಕರದೇ ಎಂಬಂತಿತ್ತು. ವಿ. ಎಸ್. ನೈಪಾಲ್ 1977ರ ಪುಸ್ತಕದಲ್ಲಿ ಚರ್ಚಿಸಿದ್ದು ಈ ಇಂಗ್ಲಿಷ್ ಪಠ್ಯವನ್ನು. ಹಾಗೆಂದು ಬರೆಯದೆ ಅವರ ಮಾತನ್ನು ಕನ್ನಡ ವಿಮರ್ಶೆಯ ಪಕ್ಕದಲ್ಲಿ ಕೂರಿಸಿದರೆ ಓದುಗರಿಗೆ ಮೋಸ.

ಮೇಳಿಗೆಯ ಜಾತ್ರೆ ಕಾದಂಬರಿಯಲ್ಲಿ ಬರುತ್ತದೆ. ಮೇಳಿಗೆ ಲೇಖಕರ ಹುಟ್ಟೂರೂ ಹೌದು. ಎರಡೂ ನಿಜ. ಎರಡನ್ನೂ ಹೊಲಿದು ‘ಇದು ಲೇಖಕರ ಊರಿನದೇ ಕಥೆ’ ಎಂದರೆ ಅದು ಸ್ವಂತ ಸಂಶೋಧನೆ, ಅಂದರೆ ಯಾವ ಆಧಾರವೂ ಹೇಳದ ನಮ್ಮದೇ ತೀರ್ಮಾನ. ತೆಗೆದಿದ್ದೇವೆ.

ಸುತ್ತು 4: ಕೊಂಡಿ, ಚೌಕಟ್ಟು, ಪುಟಸಂಖ್ಯೆ

ರಾಮಾನುಜನ್ ಹೆಸರಿನ ಕೊಂಡಿ ಕೆಂಪಾಗಿಯೇ ಇತ್ತು, ಅಂದರೆ ಆ ಹೆಸರಿನ ಪುಟವೇ ಇಲ್ಲ ಎಂಬಂತೆ. ಪುಟ ಇದೆ, ಕಾಗುಣಿತವೂ ಸರಿ. ಕಾರಣ ಕಣ್ಣಿಗೆ ಕಾಣದ್ದು: ‘ರಾಮಾನುಜನ್‌ರ’ ಎಂದು ಟೈಪಿಸುವಾಗ ನ್ ಮತ್ತು ರ ಒತ್ತಕ್ಷರವಾಗದಂತೆ ನಡುವೆ ಶೂನ್ಯ ಅಗಲದ ಒಂದು ಬೇರ್ಪಡಿಕೆಯ ಅಕ್ಷರ ಬೀಳುತ್ತದೆ. ಕೊನೆಯ ರ ಕತ್ತರಿಸಿ ಉಳಿದದ್ದನ್ನು ಕೊಂಡಿಯೊಳಗೆ ಅಂಟಿಸಿದರೆ ಆ ಅಕ್ಷರವೂ ಬಾಲದಂತೆ ಬರುತ್ತದೆ. ಕಣ್ಣಿಗೆ ಎರಡೂ ಒಂದೇ, ತಂತ್ರಾಂಶಕ್ಕೆ ಎರಡು ಬೇರೆ ಶೀರ್ಷಿಕೆ. ಪರೀಕ್ಷೆ ಸುಲಭ: ಹೆಸರಿನ ಕೊನೆಯಿಂದ ಎಡಬಾಣದ ಕೀಲಿ ಒತ್ತಿ. ಒಂದು ಒತ್ತಿಗೆ ಕರ್ಸರ್ ಕದಲದಂತೆ ಕಂಡರೆ ಅನುಮಾನಿಸಿ, ಹೆಸರನ್ನು ಪೂರ್ತಿ ಅಳಿಸಿ ಕೈಯಾರೆ ಟೈಪಿಸಿ.

ಉಕಾರಾಂತ ಊರುಗಳಿಗೆ ಪೈಪ್ ಕೊಂಡಿಯೇ ಬೇಕು, ಅಂದರೆ ಪುಟದ ಹೆಸರು ಒಂದು, ಓದುಗರಿಗೆ ಕಾಣುವ ಪದ ಇನ್ನೊಂದು. ಪುಟದ ಹೆಸರು ‘ಮೈಸೂರು’, ವಾಕ್ಯದಲ್ಲಿ ‘ಮೈಸೂರಿನ’. ಪ್ರತ್ಯಯವನ್ನು ಕೊಂಡಿಯ ಹೊರಗೆ ಅಂಟಿಸಿದರೆ ‘ಮೈಸೂರುಇನ’ ಆಗುತ್ತದೆ.

ಮಾಹಿತಿ ಚೌಕಟ್ಟಿನಲ್ಲಿ ಮೊದಲ ಮುದ್ರಣದ ವಿವರ ಮಾತ್ರ: 1965, ಮನೋಹರ ಗ್ರಂಥಮಾಲೆ, ಧಾರವಾಡ. ಕರಡಿನಲ್ಲಿ ಇದರ ಕೆಳಗೇ ಐಎಸ್‌ಬಿಎನ್ ಇತ್ತು. 1965ರಲ್ಲಿ ಆ ಸಂಖ್ಯೆಯ ಪದ್ಧತಿಯೇ ಬಂದಿರಲಿಲ್ಲ, ಅದು ಮರುಮುದ್ರಣದ್ದು. ಪುಟಸಂಖ್ಯೆಗಳೂ ಅಷ್ಟೇ. ಅಚ್ಚು ಮತ್ತೆ ಜೋಡಿಸಿದಾಗ ಪುಟ ಸರಿಯುತ್ತದೆ. ಪ್ರತಿ ಉಲ್ಲೇಖದಲ್ಲೂ ಯಾವ ವರ್ಷದ ಮುದ್ರಣ ಎಂಬುದರ ಜೊತೆಗೆ ಕಾದಂಬರಿಯ ಮೂರು ಭಾಗಗಳಲ್ಲಿ ಯಾವುದು ಎಂದೂ ಹಾಕುತ್ತಿದ್ದೇವೆ. ಬೇರೆ ಮುದ್ರಣ ಇರುವವರೂ ಹುಡುಕಬಹುದು.

ಅಂತರ್ಜಾಲದಿಂದ ತಂದ ಎರಡು ಉಲ್ಲೇಖಗಳನ್ನು ಕೈಬಿಟ್ಟೆವು. ಎರಡೂ ವಿಕಿಪೀಡಿಯದ ಹಳೆಯ ವಾಕ್ಯಗಳನ್ನೇ ನಕಲು ಮಾಡಿದ್ದವು. ಪುಟದ ಇತಿಹಾಸದಲ್ಲಿ ವಾಕ್ಯ ಸೇರಿದ ದಿನಾಂಕಕ್ಕಿಂತ ಬರಹದ ದಿನಾಂಕ ಈಚಿನದಾಗಿದ್ದು, ಅಕ್ಷರದೋಷವೂ ಒಂದೇ ಆಗಿದ್ದರೆ ಅದು ನಕಲೇ, ಅನುಮಾನ ಬೇಡ.

ಸುತ್ತು 5: ಚಿತ್ರ ಮತ್ತು ಸ್ಥಳಾಂತರ

ಮುಖಪುಟದ ಚಿತ್ರ ವಿಕಿಪೀಡಿಯದ ಮುಕ್ತ ಚಿತ್ರಗಳ ಭಂಡಾರವಾದ ಕಾಮನ್ಸ್‌ಗೆ ಹೋಗುವಂತಿಲ್ಲ, ಅದಕ್ಕೆ ಹಕ್ಕುಸ್ವಾಮ್ಯ ಇದೆ. ಪಠ್ಯಕ್ಕೂ ಇದೆ: ಲೇಖಕರು ತೀರಿಕೊಂಡದ್ದು 2014ರಲ್ಲಿ, ಭಾರತದ ಕಾನೂನಿನ 60 ವರ್ಷ ಮುಂದಿನ ಜನವರಿಯಿಂದ ಎಣಿಕೆ, ಅಂದರೆ 2074ರ ಕೊನೆಯವರೆಗೆ. ಕರಡಿನಲ್ಲಿದ್ದ ಒಂದಿಡೀ ಪ್ಯಾರಾದ ಉದ್ಧರಣೆ ಎರಡು ಸಾಲಿಗೆ ಇಳಿದಿದೆ.

ಪ್ರಯೋಗಪುಟವನ್ನು ಇಡಿಯಾಗಿ ಎತ್ತಿ ಅಂಟಿಸುವುದಿಲ್ಲ. ಹಾಗೆ ಮಾಡಿದರೆ ಅಲ್ಲಿ ಕೆಲಸ ಮಾಡಿದವರ ಹೆಸರು ಇತಿಹಾಸದಲ್ಲಿ ಉಳಿಯದು. ಒಂದೊಂದೇ ವಿಭಾಗ ಸೇರಿಸಿ, ಸಂಪಾದನೆಯ ಸಾರಾಂಶದಲ್ಲಿ ಪ್ರಯೋಗಪುಟದ ಕೊಂಡಿ ಕೊಡುವುದು. ಆಮೇಲೆ ಬೇರೆ ಬೇರೆ ಭಾಷೆಯ ಪುಟಗಳನ್ನು ಜೋಡಿಸುವ ವಿಕಿಡೇಟಾದಲ್ಲಿ ಕಾದಂಬರಿ, ಸಿನಿಮಾ, ಅನುವಾದಕ್ಕೆ ಬೇರೆ ಬೇರೆ ಐಟಂ ಇವೆಯೇ, ಭಾಷಾಕೊಂಡಿಗಳು ಸರಿಯಾದದ್ದಕ್ಕೆ ಸಿಕ್ಕಿವೆಯೇ ನೋಡುವುದು.

ಬಾಕಿ ಇರುವುದು: ‘ವಿಮರ್ಶೆ’ ವಿಭಾಗಕ್ಕೆ ನವ್ಯದ ಕಾಲದ ಕನ್ನಡ ಪತ್ರಿಕೆಗಳ ಮೂಲ ಸಂಚಿಕೆಗಳು, ಮೂರನೇ ಭಾಗದ ನಾಲ್ಕು ಪುಟಸಂಖ್ಯೆ, ಮತ್ತು ಪೀಠಿಕೆಯಲ್ಲಿ ಇನ್ನೂ ಕೂತಿರುವ ‘ಮೇರುಕೃತಿ’ ಎಂಬ ಒಂದು ಪದ.