ಹಳೆಯ ಸ್ಕಿಡ್ ಸ್ಟೀರ್ ಲೋಡರ್‌ನ ಮೌಂಟ್ ಬದಲಿಸುವ ಮುನ್ನ

ತೋಟದ ಕೆಲಸಕ್ಕೆಂದು ನಾನು ಕೊಂಡಿರುವ ಸೆಕೆಂಡ್‌ಹ್ಯಾಂಡ್ ಸಣ್ಣ ಸ್ಕಿಡ್ ಸ್ಟೀರ್ ಲೋಡರ್‌ನಲ್ಲಿ (ಎಡ ಬಲದ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ ತಿರುಗುವ, ಎತ್ತುವ ತೋಳಿರುವ ಯಂತ್ರದಲ್ಲಿ) ಬಕೆಟ್ ಅನ್ನು ಪಿನ್‌ಗಳಿಂದ ನೇರವಾಗಿ ತೋಳಿನ ತುದಿಗೇ ಸಿಕ್ಕಿಸಲಾಗಿದೆ. ಕೊಟ್ಟಿಗೆ ಗೊಬ್ಬರ ತುಂಬಲು, ತೋಟಕ್ಕೆ ಕೆಂಪು ಮಣ್ಣು ಸಾಗಿಸಲು ಈ ಬಕೆಟ್ ಸಾಕು. ಆದರೆ ಅಡಿಕೆ ಚೀಲ ಎತ್ತುವುದಕ್ಕೆ ಫೋರ್ಕ್, ಸಸಿ ನೆಡುವ ಗುಂಡಿಗೆ ಆಗರ್, ಬೆಟ್ಟದಿಂದ ತಂದ ದರಕಿನ (ಒಣ ಎಲೆಯ) ರಾಶಿ ಹಿಡಿದೆತ್ತುವುದಕ್ಕೆ ಗ್ರ್ಯಾಪಲ್ ಬೇಕೆನಿಸಿದ ಕೂಡಲೇ ಮೌಂಟ್‌ನ, ಅಂದರೆ ಸಲಕರಣೆಯನ್ನು ತೋಳಿಗೆ ಜೋಡಿಸುವ ಭಾಗದ, ಪ್ರಶ್ನೆ ಏಳುತ್ತದೆ. ಶಿರಸಿಯ ಸುತ್ತ ಇಂಥ ಯಂತ್ರ ಇಟ್ಟುಕೊಂಡವರು, ಇಲ್ಲವೇ ಕೊಳ್ಳುವ ಯೋಚನೆಯಲ್ಲಿರುವವರು, ವೆಲ್ಡಿಂಗ್ ಶಾಪಿಗೆ ಹೋಗುವ ಮೊದಲು ಕಾಗದದ ಮೇಲೆ ಒಂದಿಷ್ಟು ಲೆಕ್ಕ ಹಾಕಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಈ ಬಗೆಯ ಯಂತ್ರ ಹುಟ್ಟಿದ್ದೇ ಇಕ್ಕಟ್ಟಾದ ಜಾಗದ ಗೊಬ್ಬರ ತೆಗೆಯುವುದಕ್ಕಾಗಿ. 1957ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ರಾಥ್ಸೆಯಲ್ಲಿ ಸಿರಿಲ್ ಕೆಲ್ಲರ್ ಮತ್ತು ಲೂಯಿ ಕೆಲ್ಲರ್ ಎಂಬ ಸಹೋದರರು ಟರ್ಕಿ ಕೋಳಿಗಳನ್ನು ಸಾಕುತ್ತಿದ್ದ ರೈತರೊಬ್ಬರ ಶೆಡ್ಡಿಗಾಗಿ ಮೂರು ಚಕ್ರದ ಪುಟ್ಟ ಲೋಡರ್ ಕಟ್ಟಿಕೊಟ್ಟರು. ನಾಲ್ಕು ಚಕ್ರದ ರೂಪ ಬಂದದ್ದು 1960ರಲ್ಲಿ. ಆಮೇಲೆ ತಯಾರಕರು ಹೆಚ್ಚಿದಂತೆ ಮೌಂಟ್‌ಗಳೂ ಹಲವು ಬಗೆಯಾದವು. ಈಗ ‘ಯೂನಿವರ್ಸಲ್’ ಎಂದು ಕರೆಯುವ ಪ್ಲೇಟ್ ಬಳಕೆಯಲ್ಲಿ ಹರಡಿ, 2005ರಲ್ಲಿ ಐಎಸ್‌ಒ 24410 ಎಂಬ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. ಇದರ ಮೇಲಂಚು ಸಲಕರಣೆಯ ಬೆನ್ನಿನ ಬಾಗಿದ ತುಟಿಯೊಳಗೆ ಸೇರುತ್ತದೆ. ಕೆಳಗಡೆ ಎರಡು ಲಿವರ್‌ಗಳು ಬೆಣೆಯಾಕಾರದ ಪಿನ್‌ಗಳನ್ನು ರಂಧ್ರಗಳಿಗೆ ತಳ್ಳಿ ಬಿಗಿಮಾಡುತ್ತವೆ. ಆದರೆ ಈ ಪ್ಲೇಟಿನ ಅಗಲ ನಾಲ್ಕಡಿಗೆ ತುಸು ಕಡಿಮೆ. ಮೂರಡಿ ಅಗಲದ ಪುಟ್ಟ ಯಂತ್ರಕ್ಕೆ ಅದನ್ನು ಕೂರಿಸಿದರೆ ಪ್ಲೇಟ್ ಚಕ್ರಗಳಿಂದಾಚೆಗೆ ಚಾಚಿಕೊಳ್ಳುತ್ತದೆ. ಒಂಬತ್ತು ಅಡಿ ಅಂತರದ ಅಡಿಕೆ ಮರಗಳ ನಡುವೆ ಇದರಿಂದ ತೊಂದರೆಯಿಲ್ಲವಾದರೂ ಹಳೆಯ ಕೊಟ್ಟಿಗೆಯ ಬಾಗಿಲನ್ನು ಅಳೆದೇ ತೀರ್ಮಾನಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಹೊರೆ ಎಷ್ಟು ಮುಂದಕ್ಕೆ ಸರಿಯುತ್ತದೆ ಎಂಬುದು. ಚಕ್ರದ ಲೋಡರ್‌ಗಳಲ್ಲಿ ಯಂತ್ರದ ಹಿಂಬದಿ ಮೇಲೇಳುವಷ್ಟು ಹೊರೆಯ ಅರ್ಧವನ್ನು ಮಾತ್ರ ಕೆಲಸದ ಹೊರೆಯೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಉದಾಹರಣೆಗೆ, ಮುಂದಿನ ಆಕ್ಸೆಲ್‌ನಿಂದ 110 ಸೆಂಟಿಮೀಟರ್ ಮುಂದಿರುವ 700 ಕಿಲೋ ಹೊರೆಗೆ ಹಿಂಬದಿ ಏಳುವ ಯಂತ್ರವೊಂದಿದೆ ಎಂದುಕೊಳ್ಳೋಣ. ಅದರ ಕೆಲಸದ ಹೊರೆ 350 ಕಿಲೋ. ಅದಕ್ಕೆ 50 ಕಿಲೋ ತೂಕದ ಅಡಾಪ್ಟರ್ (ತೋಳಿಗೂ ಸಲಕರಣೆಗೂ ನಡುವೆ ಕೂರುವ ಕೊಂಡಿ) ಜೋಡಿಸಿ, ಅಡಾಪ್ಟರಿನ ತೂಕ ಆಕ್ಸೆಲ್‌ನಿಂದ 70 ಸೆಂಟಿಮೀಟರ್ ದೂರದಲ್ಲಿ ಬಿದ್ದು, ಹೊರೆಯು 10 ಸೆಂಟಿಮೀಟರ್ ಮುಂದೆ ಹೋದರೆ ಏನಾಗುತ್ತದೆ? 700ನ್ನು 110ರಿಂದ ಗುಣಿಸಿ, 50ನ್ನು 70ರಿಂದ ಗುಣಿಸಿ ಬಂದದ್ದನ್ನು ಅದರಿಂದ ಕಳೆದು, ಉಳಿದದ್ದನ್ನು 120ರಿಂದ ಭಾಗಿಸಿದರೆ ಸುಮಾರು 612 ಬರುತ್ತದೆ. ಅದರ ಅರ್ಧ 306. ಯಂತ್ರದ ಹೈಡ್ರಾಲಿಕ್ ಮೊದಲಿನಂತೆಯೇ ಎತ್ತಬಲ್ಲದಾದರೂ, ಎತ್ತಬಹುದಾದ ತೂಕ 44 ಕಿಲೋ ಕಡಿಮೆಯಾಯಿತು. ಫೋರ್ಕ್ ಹಾಕಿದರೆ ಹೊರೆ ಇನ್ನಷ್ಟು ಮುಂದಕ್ಕೆ ಕೂರುವುದರಿಂದ ಈ ನಷ್ಟ ಇನ್ನೂ ದೊಡ್ಡದು. ನಮ್ಮಲ್ಲಿ ತೋಟಕ್ಕೆ ಇಳಿಯುವ ದಾರಿಯೇ ಇಳಿಜಾರು. ಹೊರೆ ಎತ್ತಿಕೊಂಡು ಮುಂದಾಗಿ ಇಳಿಯುವಾಗ ಈ ನಲವತ್ತು ನಲವತ್ತೈದು ಕಿಲೋ ಎಷ್ಟು ಬೆಲೆಬಾಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಒಂದು ಕಡೆ ಹಳೆಯ ಪಿನ್, ಇನ್ನೊಂದು ಕಡೆ ಯೂನಿವರ್ಸಲ್ ಪ್ಲೇಟ್ ಇರುವ ನಡುವಣ ಅಡಾಪ್ಟರ್ ನನಗೆ ಅಷ್ಟಾಗಿ ಒಪ್ಪಿತವಲ್ಲ. ಸಲಕರಣೆಗಳನ್ನು ಬಾಡಿಗೆಗೆ ತರುವವರಿಗೆ, ಅಕ್ಕಪಕ್ಕದವರೊಡನೆ ಹಂಚಿಕೊಳ್ಳುವವರಿಗೆ ಯೂನಿವರ್ಸಲ್ ಪ್ಲೇಟ್ ಬೇಕೇ ಬೇಕು. ಅಂಥವರು ಅಡಾಪ್ಟರ್ ಬಿಟ್ಟು, ತೋಳಿನ ಪಿನ್‌ಗಳಿಗೇ ಸೇರುವ, ಸಾಧ್ಯವಾದಷ್ಟು ತೆಳ್ಳಗಿನ ಪ್ಲೇಟ್ ಮಾಡಿಸುವುದು ಮೇಲು. ಎರಡೋ ಮೂರೋ ಸಲಕರಣೆ ಮಾತ್ರ ಇಟ್ಟುಕೊಳ್ಳುವ ನನ್ನಂಥವರು ಯಂತ್ರವನ್ನು ಮುಟ್ಟದೆ, ಸಲಕರಣೆಯ ಬೆನ್ನಿಗೆ ಹಳೆಯ ಬಕೆಟ್ಟಿನ ಅಳತೆಯ ಕಿವಿಗಳನ್ನು (ಪಿನ್ ತೂರುವ ರಂಧ್ರವಿರುವ ಪ್ಲೇಟ್ ತುಂಡುಗಳನ್ನು) ಬೆಸೆಯಿಸಿಕೊಳ್ಳುವುದು ಸರಿ. ಸಲಕರಣೆ ಬದಲಿಸುವಾಗ ಪಿನ್ ಬಡಿದು ತೆಗೆಯುವ ಶ್ರಮ ತಪ್ಪುವುದಿಲ್ಲ ನಿಜ, ಆದರೆ ಯಂತ್ರದ ಸಮತೋಲ ಕೆಡುವುದಿಲ್ಲ. ತೋಳಿಗೆ ಮಾತ್ರ ಯಾವ ಕಾರಣಕ್ಕೂ ವೆಲ್ಡಿಂಗ್ ಮಾಡಿಸಬಾರದು.

ಕಿವಿಯ ಅಳತೆಯಲ್ಲಿ ತೋಳಿನ ಪಿನ್‌ಗೂ ಬಕೆಟ್ ಮಗುಚುವ ಟಿಲ್ಟ್ ಸಿಲಿಂಡರಿನ ಪಿನ್‌ಗೂ ನಡುವಿನ ದೂರವೇ ಜೀವಾಳ. ಸಿಲಿಂಡರ್ ಚಾಚುವ ಉದ್ದ ಬದಲಾಗದ್ದರಿಂದ, ಈ ದೂರ ಹೆಚ್ಚಾದರೆ ಅಗೆಯುವ ಬಲ ಹೆಚ್ಚಿ ಮಗುಚುವ ಕೋನ ಕಡಿಮೆಯಾಗುತ್ತದೆ, ದೂರ ಕಡಿಮೆಯಾದರೆ ಇದಕ್ಕೆ ತಿರುಗುಮುರುಗು. ಹಳೆಯ ಬಕೆಟ್ಟಿನ ರಂಧ್ರಗಳು ಸವೆದು ಅಂಡಾಕಾರವಾಗಿರುವುದರಿಂದ ಅವುಗಳ ಅಂಚಿನಿಂದ ಅಳೆದರೆ ದಾರಿ ತಪ್ಪುತ್ತದೆ. ರಂಧ್ರದ ಸವೆಯದ ಬದಿಯನ್ನು ಗುರುತಿಸಿ ಕೇಂದ್ರ ಹಿಡಿಯಬೇಕು, ಇಲ್ಲವೇ ತೋಳಿನ ಬುಷ್‌ಗಳಿಂದಲೇ (ಪಿನ್ ಕೂರುವ ಕೊಳವೆಗಳಿಂದಲೇ) ಅಳತೆ ತೆಗೆಯಬೇಕು. ಬಕೆಟ್ ಪೂರ್ತಿ ಮಗುಚಿದಾಗ ತೋಳಿಗೆ ತಾಗಿ ನಿಲ್ಲುವ ಸ್ಟಾಪರ್ ಇದ್ದರೆ ಹೊಸ ಸಲಕರಣೆಯೂ ಅದೇ ಜಾಗಕ್ಕೆ ತಾಗುವಂತಿರಬೇಕು. ಇಲ್ಲದಿದ್ದರೆ ಪ್ರತಿ ಹೊಡೆತವನ್ನೂ ಸಿಲಿಂಡರ್ ತಿನ್ನುತ್ತದೆ.

ಕೆಲಸ ಮಾಡುವ ಮೇಸ್ತ್ರಿಗೆ ಮೊದಲೇ ಹೇಳಿಡಬೇಕಾದ ಸಂಗತಿಗಳಿವೆ. ಬಿಸಿಗೆ ಪ್ಲೇಟ್ ಸೊಟ್ಟಗಾಗುವುದರಿಂದ ಎಡ ಬಲದ ಕಿವಿಗಳಿಗೆ ಅಡ್ಡಲಾಗಿ ಒಂದೇ ಉದ್ದನೆಯ ಶಾಫ್ಟ್ ತೂರಿಸಿ, ಅಲ್ಲಲ್ಲಿ ಟ್ಯಾಕ್ (ಹಿಡಿದಿಡುವ ಚುಕ್ಕೆ ಬೆಸುಗೆ) ಹಾಕಿ, ಮೂಲೆಯಿಂದ ಮೂಲೆಗೆ ಅಳೆದು, ಆಮೇಲೆ ಎರಡೂ ಬದಿಗೆ ಸರದಿಯಂತೆ ಬೆಸೆಯಬೇಕು. ಕಿವಿಗಳಿಗೆ ಐಎಸ್ 2062 ದರ್ಜೆಯ ಉಕ್ಕಿನ ಪ್ಲೇಟ್, ಪಿನ್‌ಗೆ ಇಎನ್8 ಉಕ್ಕು ಲೇತ್‌ನವರಿಗೆ ಪರಿಚಿತವಾದವು. ಬುಷ್ ಪಿನ್‌ಗಿಂತ ಮೆತ್ತಗಿರಲಿ, ಸವೆದರೆ ಬದಲಿಸುವುದು ಅದೇ ಸುಲಭ. ಗೇಟು, ಕಿಟಕಿಗೆ ಬಳಸುವ 6013 ವೆಲ್ಡಿಂಗ್ ರಾಡ್ ಇಂಥ ಭಾರದ ಕೂಡಿಕೆಗೆ ತಕ್ಕದ್ದಲ್ಲ, 7018 ಬೇಕು. ಆದರೆ 7018ರ ಲೇಪ ತೇವವನ್ನು ಹೀರಿಕೊಳ್ಳುತ್ತದೆ. ಹಾಗೆ ಹೀರಿದ ರಾಡಿನಿಂದ ಬೆಸೆದರೆ ಹೈಡ್ರೋಜನ್ ಸೇರಿ ಕೂಡಿಕೆ ಒಳಗೊಳಗೇ ಬಿರುಕು ಬಿಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಮಳೆಗಾಲದಲ್ಲಿ ರಾಡ್ ಕಾಯಿಸುವ ಓವನ್ ಇಲ್ಲದ ಶಾಪಿನಲ್ಲಿ ಈ ಕೆಲಸ ಮಾಡಿಸುವ ಬದಲು ಬೇಸಿಗೆಗೆ ಕಾಯುವುದು ಒಳ್ಳೆಯದು. ಸಲಕರಣೆಯನ್ನು ಯಂತ್ರದಿಂದ ಬಿಚ್ಚಿಟ್ಟೇ ಬೆಸೆಯಬೇಕು. ಅದು ಆಗದ ಪಕ್ಷದಲ್ಲಿ ಬ್ಯಾಟರಿ ತಂತಿ ತೆಗೆದು, ಅರ್ತ್ ಕ್ಲಾಂಪನ್ನು ಬೆಸುಗೆಯ ಹತ್ತಿರವೇ ಹಾಕಿ, ಕರೆಂಟು ಪಿನ್ ಮತ್ತು ಬೇರಿಂಗ್‌ಗಳ ಮೂಲಕ ಹಾಯದಂತೆ ನೋಡಿಕೊಳ್ಳಬೇಕು.

ಆಗರ್ ಮತ್ತು ಗ್ರ್ಯಾಪಲ್‌ಗೆ ಹೈಡ್ರಾಲಿಕ್ ಹೋಸ್ ಸಂಪರ್ಕವೂ ಬೇಕು. ಕೊಳ್ಳುವ ಮೊದಲು ಯಂತ್ರದ ಪಂಪು ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ ಕೊಡುತ್ತದೆ, ಆಗರ್‌ನ ಮೋಟಾರ್ ಎಷ್ಟು ಕೇಳುತ್ತದೆ ಎಂಬುದನ್ನು ತಾಳೆ ನೋಡಬೇಕು. ಎಂಜಿನ್ ನಿಲ್ಲಿಸಿ ಒಳಗಿನ ಒತ್ತಡ ಇಳಿಸಿದ ನಂತರವೇ ಹೋಸ್ ಜೋಡಿಸುವ ಕಪ್ಲರ್ ಬಿಚ್ಚಬೇಕು. ತೋಳು ಮೇಲಿದ್ದಾಗ ಅದರ ಆಸರೆ ಲಾಕ್ ಹಾಕದೆ ಕೆಳಗೆ ತಲೆ ಹಾಕಲೇಬಾರದು.

ಯೂನಿವರ್ಸಲ್ ಪ್ಲೇಟ್ ಮಾಡಿಸಿದವರು ಲಿವರ್ ಕೆಳಗೆ ಬಂದದ್ದನ್ನಷ್ಟೇ ನೋಡಿ ಬೀಗ ಬಿತ್ತೆಂದು ನಂಬಬಾರದು. ಬೆಣೆ ಪಿನ್‌ಗಳು ಸಲಕರಣೆಯ ರಂಧ್ರದಿಂದ ಕೆಳಗೆ ಹೊರಬಂದಿರುವುದನ್ನು ಇಳಿದು ಕಣ್ಣಾರೆ ಕಾಣಬೇಕು, ಆಮೇಲೆ ಬಕೆಟ್ಟಿನ ಮೂತಿಯನ್ನು ನೆಲಕ್ಕೆ ಒತ್ತಿ ಪ್ಲೇಟ್ ಮತ್ತು ಬೆನ್ನಿನ ನಡುವೆ ಸಂದು ಬಿಡುತ್ತದೆಯೇ ಎಂದು ನೋಡಬೇಕು. ಹೊಸ ಕಿವಿಗಳಿರಲಿ, ಹೊಸ ಪ್ಲೇಟ್ ಇರಲಿ, ಮೊದಲ ಕೆಲವು ದಿನದ ಕೆಲಸದ ನಂತರ ಮಣ್ಣು ತೊಳೆದು ಬೆಸುಗೆಯ ಎರಡೂ ತುದಿಗಳನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಬಣ್ಣದ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಬಿರುಕಿನ ಗುಮಾನಿ ಬೇಕು. ಅದರ ಮೇಲೆಯೇ ಇನ್ನೊಂದು ಪದರ ಹಾಕಿಸದೆ, ಬಿರುಕು ಮುಗಿಯುವವರೆಗೂ ಗ್ರೈಂಡರ್‌ನಿಂದ ತೆಗೆಸಿ ಹೊಸದಾಗಿ ಬೆಸೆಯಿಸಬೇಕು.