ಸಫೇದ್‌ಗೆ ಹೋಗುವವರೇ, ಗುರುವಾರವೇ ತಲುಪಿ

ಇಸ್ರೇಲಿನ ಉತ್ತರದಲ್ಲಿ, ಗಲಿಲೀ ಬೆಟ್ಟದ ಮೇಲಿರುವ ಊರು ಸಫೇದ್. ಬೆಳಿಗ್ಗೆ ಬಂದು, ನೀಲಿ ಬಾಗಿಲುಗಳ ಫೋಟೊ ತೆಗೆದು, ಸಂಜೆಗೆ ಹೊರಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಶುಕ್ರವಾರ ಸಂಜೆ ಶುರುವಾಗಿ ಶನಿವಾರ ಕತ್ತಲಿಗೆ ಮುಗಿಯುವ ಶಬ್ಬತ್ ಯಹೂದಿಗಳ ವಾರದ ವಿಶ್ರಾಂತಿಯ ದಿನ. ಆ ಶುಕ್ರವಾರ ರಾತ್ರಿ ಅಲ್ಲಿ ಉಳಿಯದಿದ್ದರೆ ಆ ಊರು ನೋಡಿದ ಹಾಗೇ ಅಲ್ಲ.

ನಾನು ತಲುಪಿದ್ದು ಶುಕ್ರವಾರ ಮಧ್ಯಾಹ್ನ. ಅದೇ ತಪ್ಪಾಯಿತು. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು, ಬಸ್ಸಿನ ಓಡಾಟ ನಿಂತಿತ್ತು, ಉಳಿದುಕೊಂಡ ಕಡೆ ಊಟ ಸಿಗುತ್ತದೆ ಅಂದಿದ್ದರು, ಸಿಗಲಿಲ್ಲ. ಶನಿವಾರ ಕತ್ತಲಾಗುವವರೆಗೂ ಬ್ರೆಡ್ಡು, ಖರ್ಜೂರದಲ್ಲೇ ಕಳೆದೆ. ಗುರುವಾರವೇ ಬಂದು ಎರಡು ದಿನಕ್ಕಾಗುವಷ್ಟು ಊಟ ತಂದಿಟ್ಟುಕೊಳ್ಳಿ.

ಶುಕ್ರವಾರ ಬೆಳಿಗ್ಗೆ ಹಳೆಯ ಸ್ಮಶಾನಕ್ಕೆ ಇಳಿಯಿರಿ. ಮೆಟ್ಟಿಲು ತುಂಬಾ ಇವೆ, ಒಳ್ಳೆಯ ಶೂ ಬೇಕು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿದ ಮೇಲೆ, ಮುಂದಿನ ದಶಕಗಳಲ್ಲಿ ಅವರಲ್ಲಿ ಹಲವರು ಈ ಬೆಟ್ಟ ಹತ್ತಿ ಬಂದರು. ಮನೆ ಕಳೆದುಕೊಂಡವರ ಊರಲ್ಲೇ ಕಬ್ಬಾಲಾ, ಅಂದರೆ ಯಹೂದಿಗಳ ಅನುಭಾವದ ದಾರಿ, ಹೊಸ ರೂಪ ಪಡೆಯಿತು. ಅದರ ದೊಡ್ಡ ಗುರು ಐಸಾಕ್ ಲೂರಿಯಾ ಇಲ್ಲಿಗೆ ಬಂದದ್ದು 1570ರಲ್ಲಿ, ತೀರಿಕೊಂಡದ್ದು 1572ರಲ್ಲಿ. ಎರಡೇ ವರ್ಷ! ತಾನು ಬರೆದದ್ದು ಕಡಿಮೆ, ಶಿಷ್ಯ ಹಯ್ಯಿಮ್ ವಿಟಾಲ್ ಬರೆದಿಟ್ಟ. ಸೃಷ್ಟಿಯ ಹೊತ್ತಿನಲ್ಲಿ ದೇವರ ಬೆಳಕನ್ನು ತುಂಬಿಕೊಂಡ ಪಾತ್ರೆಗಳು ಒಡೆದವು, ಚೆದುರಿದ ಕಿಡಿಗಳನ್ನು ಮನುಷ್ಯರು ಪ್ರಾರ್ಥನೆಯಿಂದ, ಒಳ್ಳೆಯ ಕೆಲಸದಿಂದ ಮತ್ತೆ ಕೂಡಿಸಬೇಕು ಅನ್ನುವುದು ಅವನ ಮಾತಿನ ತಿರುಳು. ಅದಕ್ಕೆ ತಿಕ್ಕುನ್ ಎನ್ನುತ್ತಾರೆ. ನೀಲಿ ಬಳಿದ ಅವನ ಸಮಾಧಿಯ ಮೇಲೆ ಜನ ಪುಟ್ಟ ಕಲ್ಲುಗಳನ್ನಿಡುತ್ತಾರೆ. ಹತ್ತಿರದಲ್ಲೇ ಅವನ ಹೆಸರಿನ ಸ್ನಾನದ ಕೊಳವಿದೆ, ಅದು ಗಂಡಸರಿಗೆ ಮಾತ್ರ. ಊಟೆಯ ನೀರು. ಕೈ ಅದ್ದಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

ಮೇಲೆ ಬಂದು ಆರಿ ಅಶ್ಕೆನಾಜಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಿ. ಆರಿ ಅಂದರೆ ಲೂರಿಯಾನೇ. 1837ರ ಭೂಕಂಪದಲ್ಲಿ ಬಿದ್ದು ಮತ್ತೆ ಕಟ್ಟಿದ್ದು. ನಡುವಿನ ವೇದಿಕೆಯಲ್ಲಿ 1948ರ ಯುದ್ಧದ ಗುಂಡಿನ ಚೂರು ಮಾಡಿದ ತೂತಿದೆ. ಅದರೊಳಗೆ ಯಾರೋ ಹರಕೆಯ ಚೀಟಿ ಮಡಚಿ ತುರುಕಿದ್ದರು.

ಸಂಜೆ ಸಿನಗಾಗ್‌ನ ಶಬ್ಬತ್ ಪ್ರಾರ್ಥನೆಗೆ ಹೋಗಿ. ಫೋನು ರೂಮಲ್ಲೇ ಬಿಡಿ, ಗಂಡಸರು ತಲೆ ಮುಚ್ಚಿಕೊಳ್ಳಿ. ಹೆಂಗಸರಿಗೆ ಬೇರೆ ಜಾಗ. ಇದೇ ಊರಿನ ಶ್ಲೋಮೋ ಅಲ್ಕಬೆತ್ಸ್ ಕಟ್ಟಿದ ಹಾಡು ಲೆಖಾ ದೋದಿ. ಅದರಲ್ಲಿ ಶಬ್ಬತ್ ಮದುವಣಗಿತ್ತಿ, ಊರವರೆಲ್ಲ ಎದುರುಗೊಳ್ಳುವವರು. ಕೊನೆಯ ನುಡಿಗೆ ಎಲ್ಲರೂ ಬಾಗಿಲ ಕಡೆ ತಿರುಗಿ ಬಾಗಿದರು. ನಾನೂ ತಿರುಗಿದೆ, ಗಂಟಲು ಕಟ್ಟಿತ್ತು.

ಹೋಗುವ ಮೊದಲು ಶಬ್ಬತಾಯ್ ತ್ಸ್ವಿಯ ಕತೆಯನ್ನೂ ಓದಿಕೊಳ್ಳಿ. ಈಗಿನ ತುರ್ಕಿಯ ಇಜ್ಮಿರ್‌ನಲ್ಲಿ 1626ರಲ್ಲಿ ಹುಟ್ಟಿದ ಯಹೂದಿ. ಲೂರಿಯಾ ದಾರಿಯಲ್ಲಿ ಬೆಳೆದ ಗಾಜಾದ ನಾಥನ್ 1665ರಲ್ಲಿ ಇವನೇ ಮೆಸ್ಸಾಯ, ಯಹೂದಿಗಳು ಕಾದಿದ್ದ ರಕ್ಷಕ ಎಂದು ಸಾರಿದ. ಆಮ್‌ಸ್ಟರ್‌ಡ್ಯಾಮ್‌ನಿಂದ ಯೆಮೆನ್‌ವರೆಗೆ ಜನ ನಂಬಿದರು. ಮರುವರ್ಷ ಎದಿರ್ನೆಯಲ್ಲಿ, ಸುಲ್ತಾನನ ಮುಂದೆ, ಅವನು ಇಸ್ಲಾಂಗೆ ಸೇರಿದ. ಕಿಡಿಗಳು ಕೂಡಿ ಮುಗಿಯುತ್ತಾ ಬಂದಿವೆ ಎಂದು ನಂಬಿ ಉಪವಾಸ ಕೂತವರ ಎದೆ ಹೇಗಾಗಿರಬೇಡ ಅಲ್ವಾ? ತುರ್ಕಿಗೂ ಹೋಗುವವರು ಎದಿರ್ನೆಗೆ ಒಂದು ದಿನ ಇಡಿ.

ಸಫೇದ್ ಲೆಬನಾನ್ ಗಡಿಗೆ ಹತ್ತಿರ. ಟಿಕೆಟ್ ಮಾಡಿಸುವ ಮೊದಲು ನಮ್ಮ ರಾಯಭಾರ ಕಚೇರಿಯ ಸೂಚನೆ ನೋಡಿ. ವಾಪಸ್ ಬರಲು ಭಾನುವಾರದ ಬಸ್ಸೇ ಸರಿ.