ಕಟ್ಟದೇ ಉಳಿದ ಜಗಲಿ

ನಾನು ಓದಿದ ಕಾಲೇಜು ಮಂಗಳೂರಿನ ಒಂದು ಗುಡ್ಡದ ಮೇಲಿದೆ. ರಸ್ತೆ ಬದಿಗೆ ಹಳೇ ಕಟ್ಟಡ, ನಡುವೆ ಲೈಬ್ರರಿ, ನೆತ್ತಿಯಲ್ಲಿ ಲ್ಯಾಬು. ದುಡ್ಡು ಬಂದಾಗಲೆಲ್ಲ ಎಲ್ಲಿ ಸಮತಟ್ಟು ಜಾಗ ಸಿಕ್ಕಿತೋ ಅಲ್ಲಿ ಕಟ್ಟಿದ್ದಾರೆ. ಮಳೆಗಾಲದಲ್ಲಿ ಕೆಳಗಿನ ಕ್ಲಾಸು ಮುಗಿಸಿ ಲ್ಯಾಬಿಗೆ ಹತ್ತುವಷ್ಟರಲ್ಲಿ ರೆಕಾರ್ಡ್ ಬುಕ್ಕು ಒದ್ದೆ. ಮೊಣಕಾಲು ನೋವಿದ್ದ ನಮ್ಮ ಮೇಡಂ ಒಬ್ಬರು ಆ ನಾಲ್ಕು ತಿಂಗಳು ಲೈಬ್ರರಿ ಕಡೆ ಬರುತ್ತಲೇ ಇರಲಿಲ್ಲ.

ಇದಕ್ಕೊಂದು ಪ್ಲಾನ್ ಇತ್ತು. ಆಫೀಸಿನ ಕಪಾಟಿನಿಂದ ಆ ಶೀಟು ತೆಗೆದು ಸರ್ ಒಮ್ಮೆ ನಮಗೆ ತೋರಿಸಿದ್ದರು. ಮೂರೂ ಕಟ್ಟಡಗಳನ್ನು ಸೇರಿಸುವ ಒಂದು ಉದ್ದ ಜಗಲಿ, ಅಷ್ಟೇ. ಗುಡ್ಡದ ಮೈ ಬಳಸಿಕೊಂಡು ಒಂದೇ ಎತ್ತರದಲ್ಲಿ ಸ್ವಲ್ಪ ದೂರ ಹೋಗಿ, ತಿರುವಿನಲ್ಲಿ ನಾಲ್ಕು ಮೆಟ್ಟಿಲು ಏರಿ (ಪಕ್ಕದಲ್ಲೇ ಇಳಿಜಾರು ದಾರಿಯೂ ಇತ್ತು), ಮತ್ತೆ ಆಚೆ ತಿರುಗಿ, ಹೀಗೆ ಏದುಸಿರು ಬಾರದ ಹಾಗೆ ನೆತ್ತಿ ಸೇರುವುದು. ಮುರಕಲ್ಲಿನ (ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು) ಕಂಬ, ಕೂರಲು ಕಟ್ಟೆ, ಮೇಲೆ ಹಂಚಿನ ಮಾಡು. ಬಾಸೆಲ್ ಮಿಷನ್ 1865ರಲ್ಲೇ ಹಂಚಿನ ಕಾರ್ಖಾನೆ ಶುರು ಮಾಡಿದ ಊರಲ್ವಾ ಇದು!

ನನಗೆ ತುಂಬಾ ಇಷ್ಟವಾಗಿದ್ದು ಜಗಲಿಯ ಒಳಬದಿಗೆ ಎಳೆದಿದ್ದ ನೀಲಿ ಗೆರೆ. ಅದು ನೀರಿನ ಕಣಿ, ಅಂದರೆ ಚರಂಡಿ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮೇಲಿನ ಮುರಕಲ್ಲು ಗಟ್ಟಿ, ಆದರೆ ಮೈತುಂಬಾ ತೂತು. ನೀರು ಅದರೊಳಗೆ ಇಳಿದು ಅಡಿಯ ಶೇಡಿ ಎಂಬ ಮೆತ್ತನೆಯ ಜೇಡಿಯಂಥ ಮಣ್ಣನ್ನು ಸೇರುತ್ತದೆ. ಶೇಡಿ ನೆನೆದರೆ ಬಲ ಕಳೆದುಕೊಳ್ಳುತ್ತದೆ, ಗುಡ್ಡವನ್ನು ನೆಟ್ಟಗೆ ಕಡಿದಿದ್ದರಂತೂ ಜಾರಿಯೇ ಬಿಡುತ್ತದೆ. ಆ ಕಣಿ ಪ್ರತಿ ತಿರುವಿನಲ್ಲೂ ಮೇಲಿಂದ ಬಂದ ನೀರನ್ನು ಹಿಡಿದು ಪಕ್ಕದ ತೋಡಿಗೆ ಬಿಡುತ್ತಿತ್ತು.

ಜಗಲಿಯಿಂದ ಸೀಟು ಜಾಸ್ತಿ ಆಗುವುದಿಲ್ಲ ಎಂದು ಪ್ಲಾನ್ ಮೂಲೆ ಸೇರಿತು. ಆಮೇಲೆ ಪಾರ್ಕಿಂಗಿಗೆ ಜೆಸಿಬಿ ಬಂತು, ಲೈಬ್ರರಿಯ ಹಿಂದೆ ಗುಡ್ಡವನ್ನು ಗೋಡೆಯ ಹಾಗೆ ಕಡಿದರು. ಎರಡನೇ ಮಳೆಗಾಲಕ್ಕೇ ಅದು ಕುಸಿಯಿತು. ರಾತ್ರಿಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಬೆಂಗಳೂರಿನ ಐಐಎಂಗೆ ಹೋದಾಗ ಆ ಶೀಟು ನೆನಪಾಗಿ ಹೊಟ್ಟೆ ಉರಿಯಿತು. ವಾಸ್ತುಶಿಲ್ಪಿ ಬಿ.ವಿ. ದೋಷಿ ಅಲ್ಲಿ ಕಲ್ಲಿನ ಗೋಡೆಗಳ ನಡುವಿನ ಉದ್ದುದ್ದ ಕಾರಿಡಾರುಗಳಿಂದಲೇ ಇಡೀ ಕ್ಯಾಂಪಸ್ಸನ್ನು ಹೊಲಿದಿದ್ದಾರೆ. ಹುಡುಗರು ಕ್ಲಾಸಿನಿಂದ ಕ್ಲಾಸಿಗೆ ಹೋಗುತ್ತಾ ನಡುದಾರಿಯಲ್ಲಿ ನಿಂತು ಮಾತಾಡುತ್ತಿದ್ದರು. ನಮ್ಮ ಲ್ಯಾಬಿನವರಿಗೂ ಕೆಳಗಿನವರಿಗೂ ಮೂರು ವರ್ಷ ಮುಖಪರಿಚಯವೇ ಇರಲಿಲ್ಲ.

ಹಳೇ ವಿದ್ಯಾರ್ಥಿಗಳ ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ. ಇಡೀ ಜಗಲಿ ಆಗದಿದ್ದರೆ ಹಳೇ ಕಟ್ಟಡದಿಂದ ಲೈಬ್ರರಿವರೆಗಿನ ತುಂಡಾದರೂ ಕಟ್ಟಿ. ಅದಕ್ಕೂ ದುಡ್ಡಿಲ್ಲ ಎಂದರೆ ಈ ಬೇಸಿಗೆಯಲ್ಲೇ ಕಣಿ ತೋಡಿ.